ಬ್ಯಾಟು ಹಿಡಿಯದ ಕೈಗೂ ಟೆನಿಸ್ ಎಲ್ಬೋ: ಓದುಗರ ಪ್ರಶ್ನೆ, ವೈದ್ಯರ ಉತ್ತರ

ಈ ಸಲದ ಅಂಚೆಯಲ್ಲಿ ಮೊಣಕೈಯದೇ ಕಾರುಬಾರು. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಅಡಿಕೆ ಸುಲಿತ ಜೋರಾಗಿರುವ ಹೊತ್ತಿಗೆ ಇಂಥ ಪತ್ರಗಳು ಬರುವುದು ಸಹಜವೇ. ಒಂದೇ ತೆರನವನ್ನು ಕೂಡಿಸಿ ಇಲ್ಲಿ ಉತ್ತರಿಸಿದೆ.

ಪ್ರಶ್ನೆ: ನನಗೆ 42 ವರ್ಷ. ಐದು ವಾರದಿಂದ ರಾತ್ರಿ ಅಡಿಕೆ ಸುಲಿಯಲು ಕೂರುತ್ತಿದ್ದೇನೆ. ಬಲ ಮೊಣಕೈಯ ಹೊರಬದಿಯ ಮೂಳೆ ಮುಟ್ಟಿದರೆ ಜೀವ ಹೋದಂತಾಗುತ್ತದೆ. ಚಹಾ ಪಾತ್ರೆ ಇಳಿಸಲು, ಬಟ್ಟೆ ಹಿಂಡಲು ಆಗುವುದಿಲ್ಲ. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಮನೆಯವರು ‘ನರ ಎಳೆದಿದೆ’ ಅನ್ನುತ್ತಾರೆ, ಡಾಕ್ಟರು ‘ಟೆನಿಸ್ ಎಲ್ಬೋ’ ಅಂದರು. ಜನ್ಮದಲ್ಲಿ ಬ್ಯಾಟು ಹಿಡಿದವಳಲ್ಲ ನಾನು. ಅಷ್ಟಕ್ಕೂ ಕಾಯಿ ಹಿಡಿಯುವುದು ಅಂಗೈಯಲ್ಲಿ, ನೋವು ಹೊರಬದಿಯಲ್ಲಿ ಯಾಕೆ?
– ಗೃಹಿಣಿ, ಸಾಗರ ತಾಲ್ಲೂಕು

ಉತ್ತರ: ಹೆಸರಿನ ಮೇಲೆ ಕೋಪ ಬೇಡ. 1880ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಟೆನಿಸ್ ಹೊಸ ಗೀಳಾಗಿದ್ದಾಗ ಅಂಟಿಕೊಂಡ ಹೆಸರು ಅದು. ಅದಕ್ಕೂ ಮೊದಲೇ, 1873ರಲ್ಲಿ, ರುಂಗೆ ಎಂಬ ಜರ್ಮನ್ ವೈದ್ಯ ಬರವಣಿಗೆಯವರ ಕೈಯಲ್ಲಿ ಇದೇ ನೋವನ್ನು ಗುರುತಿಸಿದ್ದ. ಈ ನೋವಿನವರಲ್ಲಿ ಹೆಚ್ಚಿನವರು ಟೆನಿಸ್ ಆಡಿದವರೇ ಅಲ್ಲ. ಕೈಗೆಲಸದವರು ಅವರು, ಅದರಲ್ಲೂ 35ರಿಂದ 55 ವರ್ಷದೊಳಗಿನವರು.

‘ನರ’ ಎಂಬ ಮಾತನ್ನು ಮಾತ್ರ ಸ್ವಲ್ಪ ಬಿಡಿಸಬೇಕು. ನಮ್ಮ ಮಾತಿನಲ್ಲಿ ರಕ್ತನಾಳವೂ ನರ, ಸ್ಪರ್ಶ ತಿಳಿಸುವ ತಂತುವೂ ನರ, ಸ್ನಾಯುವನ್ನು ಮೂಳೆಗೆ ಕಟ್ಟಿರುವ ಹುರಿಯೂ ನರ. ನಿಮಗೆ ಕೆಟ್ಟಿರುವುದು ಈ ಮೂರನೆಯದು, ಸ್ನಾಯುರಜ್ಜು. ಎಕ್ಸ್‌ರೇ ಮೂಳೆ ತೋರಿಸುತ್ತದೆ, ಹುರಿಯನ್ನು ತೋರಿಸುವುದಿಲ್ಲ. ಆದ್ದರಿಂದ ‘ಏನೂ ಇಲ್ಲ’ ಎಂಬ ವರದಿಗೂ ನಿಮ್ಮ ನೋವಿಗೂ ಜಗಳವಿಲ್ಲ.

ಹೊರಬದಿಯಲ್ಲೇ ಯಾಕೆ ಎಂಬುದು ಒಳ್ಳೆಯ ಪ್ರಶ್ನೆ. ಈಗಲೇ ನೋಡಿಕೊಳ್ಳಿ: ಎಡಗೈಯನ್ನು ಬಲ ಮೊಣಕೈಯಿಂದ ಮೂರು ಬೆರಳು ಕೆಳಗೆ, ಮುಂಗೈಯ ಹೊರಬದಿಯ ಮಾಂಸದ ಮೇಲಿಡಿ. ಬಲ ಮುಷ್ಟಿ ಬಿಗಿಮಾಡಿ. ಹೊರಗಿನ ಮಾಂಸಖಂಡವೂ ಗಟ್ಟಿಯಾಗಿ ಉಬ್ಬುತ್ತದೆ, ಅಲ್ಲವೇ? ಬೆರಳು ಮಡಚುವ ಸ್ನಾಯುಗಳು ಮಣಿಕಟ್ಟನ್ನೂ ಒಳಕ್ಕೆ ಬಾಗಿಸುತ್ತವೆ. ಹಾಗೆ ಬಾಗಿದ ಕೈಗೆ ಹಿಡಿತ ಸಿಗದು. ಬಾಗದಂತೆ ಹಿಂದಿನಿಂದ ಎಳೆದು ನಿಲ್ಲಿಸುವವು ಹೊರಬದಿಯ ಸ್ನಾಯುಗಳು. ಅವೆಲ್ಲ ಸೇರಿ ಅಂಟಿಕೊಂಡಿರುವುದು ನೀವು ಹೇಳುವ ಆ ಹೊರ ಮೂಳೆಯ ಕಡಲೆ ಗಾತ್ರದ ಜಾಗಕ್ಕೆ. ಅವುಗಳಲ್ಲಿ ಎಕ್ಸ್‌ಟೆನ್ಸರ್ ಕಾರ್ಪೈ ರೇಡಿಯಾಲಿಸ್ ಬ್ರೆವಿಸ್ ಎಂಬ ಉದ್ದ ಹೆಸರಿನ ಒಂದು ಹುರಿಯೇ ಸಾಮಾನ್ಯವಾಗಿ ಮೊದಲು ಕೆಡುವುದು. ಮೆಟ್ಟುಗತ್ತಿಯ ಮುಂದೆ ಕೂತು ಕಾಯಿಯನ್ನು ಬೆರಳಲ್ಲಿ ಚಿವುಟಿ ಹಿಡಿದು, ಅಲಗಿಗೆ ಒತ್ತಿ, ಮಣಿಕಟ್ಟು ತಿರುವಿದಾಗಲೆಲ್ಲ ಆ ಹುರಿಗೆ ಒಂದು ಎಳೆತ. ಒಂದು ರಾತ್ರಿಗೆ ಅಂಥವು ಎಷ್ಟು ಸಾವಿರ ಎಂದು ಡಬ್ಬದ ಲೆಕ್ಕದಿಂದ ನೀವೇ ಅಂದಾಜು ಮಾಡಬಲ್ಲಿರಿ.

ವರ್ಷದ ಬಹುಪಾಲು ಈ ಕೆಲಸವಿಲ್ಲ. ಸುಗ್ಗಿ ಬಂತೆಂದರೆ ಮೊದಲ ದಿನದಿಂದಲೇ ಪೂರ್ತಿ ಕೆಲಸ. ಸ್ನಾಯು ಕೆಲವೇ ವಾರಗಳಲ್ಲಿ ಬಲ ತುಂಬಿಕೊಳ್ಳುತ್ತದೆ, ಹುರಿಗೆ ತಿಂಗಳುಗಳು ಬೇಕು. ಕೈಗೆ ಕೆಲಸ ಹಗುರವೆನಿಸಿದರೂ ಹುರಿ ಹಿಂದೆ ಬಿದ್ದಿರುತ್ತದೆ. ನೋವು ಮೊದಲ ದಿನ ಬಾರದೆ ಮೂರನೆಯ, ಐದನೆಯ ವಾರಕ್ಕೆ ಕಾಣಿಸಿಕೊಳ್ಳುವುದು ಹೀಗೆ.

ಇನ್ನೊಂದು ತಪ್ಪು ತಿಳಿವಳಿಕೆ, ಒಳಗೆ ‘ಉರಿಯೂತ’ ಇದೆ, ಅದನ್ನು ಮಾತ್ರೆ ಇಳಿಸುತ್ತದೆ ಎಂಬುದು. 1979ರಲ್ಲಿ ಅಮೆರಿಕದ ಶಸ್ತ್ರವೈದ್ಯರಾದ ನಿರ್ಷಲ್ ಮತ್ತು ಪೆಟ್ರೋನ್ ಇಂಥ ಹುರಿಗಳನ್ನು ಸೂಕ್ಷ್ಮದರ್ಶಕದಡಿ ವಿವರಿಸಿದರು. ಹಳೆಯ ನೋವಿನ ಹುರಿಯಲ್ಲಿ ಉರಿಯೂತದ ಕಣಗಳು ಅಪರೂಪ. ಕಾಣುವುದು ಎಳೆಗಳ ಅಸ್ತವ್ಯಸ್ತ, ಹುರಿ ಬಿಚ್ಚಿಕೊಂಡ ಹಳೆಯ ತೆಂಗಿನ ಹಗ್ಗದ ಹಾಗೆ. ಮಾತ್ರೆ ನೋವನ್ನು ಕೆಲವು ದಿನ ಮರೆಸುತ್ತದೆ, ಎಳೆಯನ್ನು ಹೊಸೆಯುವುದಿಲ್ಲ. ಕೈಯನ್ನು ಜೋಳಿಗೆಯಲ್ಲಿ ಹಾಕಿ ಕೂತರೂ ಹೊಸೆಯುವುದಿಲ್ಲ, ಇನ್ನಷ್ಟು ಬಲ ಕುಂದುತ್ತದೆ. ಹುರಿ ಎಳೆ ಜೋಡಿಸಿಕೊಳ್ಳುವುದು ಅಳತೆಯ ಭಾರ ಬಿದ್ದಾಗ. ಅಳತೆ ಹೇಗೆ ಎಂಬುದು ಮುಂದಿನ ಉತ್ತರದಲ್ಲಿದೆ.

ನಿಮ್ಮ ನೋವು ಇದೇ ಎಂದು ಖಾತ್ರಿಗೆ ಎರಡು ಪರೀಕ್ಷೆ ಸಾಕು. ಮೊಣಕೈ ನೇರ, ಅಂಗೈ ಕೆಳಮುಖ. ಮಧ್ಯದ ಬೆರಳನ್ನು ಮೇಲೆತ್ತಿ, ಇನ್ನೊಬ್ಬರು ಅದನ್ನು ಕೆಳಕ್ಕೆ ಒತ್ತಲಿ. ಹೊರ ಮೂಳೆಯಲ್ಲಿ ಚುಚ್ಚಿದರೆ ಒಂದು ಗುರುತು. ಎರಡನೆಯದು, ಪ್ಲಾಸ್ಟಿಕ್ ಕುರ್ಚಿಯ ಬೆನ್ನನ್ನು ಅಂಗೈ ಕೆಳಗಾಗಿ ಹಿಡಿದು ಎತ್ತುವುದು. ನೋಯುತ್ತದೆ. ಅದೇ ಕುರ್ಚಿಯನ್ನು ಅಂಗೈ ಮೇಲಾಗಿ ಎತ್ತಿದರೆ ನೋವು ತೀರಾ ಕಡಿಮೆ. ಈ ಎರಡನೆಯ ಪರೀಕ್ಷೆಯೇ ಪಥ್ಯವೂ ಹೌದು: ಚಹಾ ಪಾತ್ರೆ, ಕೊಡ, ಹಾಲಿನ ಕ್ಯಾನು, ಏನೇ ಆದರೂ ಅಂಗೈ ಮೇಲೆ ಮಾಡಿ, ಮೊಣಕೈಯನ್ನು ಪಕ್ಕೆಗೆ ತಾಗಿಸಿ ಎತ್ತಿ. ಬಟ್ಟೆಯನ್ನು ಹಿಂಡುವ ಬದಲು ನೀರಿಳಿಯಲು ನೇತುಹಾಕಿ. ಮಳೆಗಾಲದಲ್ಲಿ ಇದು ಹೇಳಿದಷ್ಟು ಸುಲಭವಲ್ಲ. ಹಿಂಡಲೇಬೇಕಾದರೆ ನಲ್ಲಿಗೆ ಸುತ್ತಿ, ಎರಡೂ ತುದಿ ಸೇರಿಸಿ ಒಂದೇ ಕಡೆ ತಿರುವಿ, ನೋವಿಲ್ಲದ ಕೈಯಿಂದ.

ಸುಲಿತ ಪೂರ್ತಿ ಬಿಡಿ ಎಂದು ಹೇಳುವುದಿಲ್ಲ, ಹೇಳಿದರೂ ಬಿಡುವವರಿಲ್ಲ. ಎರಡು ವಾರ ಮಟ್ಟಿಗೆ ಹೊತ್ತನ್ನು ಅರ್ಧಕ್ಕಿಳಿಸಿ. 20 ನಿಮಿಷಕ್ಕೊಮ್ಮೆ ಎರಡು ನಿಮಿಷ ಕೈ ಬಿಡಿ, ಆ ಹೊತ್ತಿನಲ್ಲಿ ಸುಲಿದದ್ದನ್ನು ಆರಿಸಿ. ಅಲಗನ್ನು ದಿನಾ ಮಸೆಯಿರಿ. ಮೊಂಡು ಅಲಗಿಗೆ ಒತ್ತುವ ಬಲವೆಲ್ಲ ಮೊಣಕೈಯ ಲೆಕ್ಕಕ್ಕೆ ಹೋಗುತ್ತದೆ. ಒದ್ದೆ ಕಾಯಿ ಜಾರುತ್ತದೆ, ಜಾರಿದಷ್ಟೂ ಹಿಡಿತ ಬಿಗಿಯಾಗುತ್ತದೆ. ಪಕ್ಕದಲ್ಲೊಂದು ಒಣ ಗೋಣಿ ತುಂಡು ಇಟ್ಟುಕೊಂಡು ಕೈ ಒರೆಸುತ್ತಿರಿ. ಕಾಯಿ ಗುಡ್ಡೆ ಕೈಗೆಟಕುವಷ್ಟು ಹತ್ತಿರವಿರಲಿ. ಚಾಚಿದ ಕೈಯಲ್ಲಿ ಚಿವುಟುವುದೇ ಈ ಹುರಿಗೆ ಅತಿ ಕಷ್ಟದ ಭಂಗಿ.

ನೋವು ತಡೆಯಲಾಗದ ದಿನಗಳಿಗೆ ಡೈಕ್ಲೊಫೆನಾಕ್ ಜೆಲ್ ದಿನಕ್ಕೆ ಮೂರು ಸಲ, ಎರಡು ವಾರದವರೆಗೆ ತೆಳುವಾಗಿ ಹಚ್ಚಬಹುದು. ಗಾಯದ ಮೇಲೆ ಬೇಡ. ನುಂಗುವ ಮಾತ್ರೆಯನ್ನು ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ, ರಕ್ತದೊತ್ತಡ ಇರುವವರು ಅಂಗಡಿಯಿಂದ ತಾವೇ ಕೊಂಡು ತಿನ್ನಬಾರದು. ಕಾಯಿಲೆ ಹಠಮಾರಿ, ಆದರೆ ದುಷ್ಟನಲ್ಲ: ಹತ್ತರಲ್ಲಿ ಎಂಟು ಮಂದಿಗಿಂತ ಹೆಚ್ಚು ಜನರಿಗೆ ಒಂದು ಒಂದೂವರೆ ವರ್ಷದೊಳಗೆ ಶಸ್ತ್ರಚಿಕಿತ್ಸೆಯಿಲ್ಲದೆ ವಾಸಿಯಾಗುತ್ತದೆ.

ಪ್ರಶ್ನೆ: ವಾರವಿಡೀ ಕಂಪ್ಯೂಟರ್ ಮುಂದೆ, ಭಾನುವಾರ ಊರಿಗೆ ಹೋಗಿ ತೋಟದಲ್ಲಿ ಕಳೆ ಹೊಡೆಯುವ ಮಿಷನ್ ಹಿಡಿಯುತ್ತೇನೆ. ಮೂರು ತಿಂಗಳಿಂದ ಟೆನಿಸ್ ಎಲ್ಬೋ. ಸ್ನೇಹಿತರು ಹೇಳಿದಂತೆ ಸ್ಪಂಜಿನ ಚೆಂಡು ಹಿಸುಕುತ್ತಿದ್ದೇನೆ, ನೋವು ಹೆಚ್ಚೇ ಆಗಿದೆ. ಸರಿಯಾದ ವ್ಯಾಯಾಮ ಯಾವುದು? ಎಷ್ಟು ತೂಕ, ಎಷ್ಟು ದಿನ?
– ವಯಸ್ಸು 38, ಶಿವಮೊಗ್ಗ

ಉತ್ತರ: ಚೆಂಡನ್ನು ಮಕ್ಕಳಿಗೆ ಕೊಟ್ಟುಬಿಡಿ. ಹಿಸುಕುವುದೆಂದರೆ ಹಿಡಿತ, ನಿಮಗೆ ನೋವು ತಂದದ್ದೇ ಅದು.

ಮೊದಲು ನೋವಿಗೊಂದು ಅಳತೆಗೋಲು ಮಾಡಿಕೊಳ್ಳಿ: ಸೊನ್ನೆ ಎಂದರೆ ಇಲ್ಲವೇ ಇಲ್ಲ, ಹತ್ತು ಎಂದರೆ ತಡೆಯಲಾಗದ್ದು. ವ್ಯಾಯಾಮದ ಹೊತ್ತಿಗೆ ಮೂರರವರೆಗೆ ನೋವಿದ್ದರೆ ಪರವಾಗಿಲ್ಲ. ಮರುದಿನ ಬೆಳಗಾಗುವಷ್ಟರಲ್ಲಿ ಅದು ಮೊದಲಿನ ಮಟ್ಟಕ್ಕೆ ಇಳಿದಿರಬೇಕು. ಇಳಿಯದಿದ್ದರೆ ಭಾರ ಹೆಚ್ಚಾಯಿತು, ಒಂದು ಮೆಟ್ಟಿಲು ಕೆಳಗಿಳಿಯಿರಿ. ನೋವೇ ಬರಬಾರದು ಎಂದು ಕೂತವರಿಗೂ, ನೋವಾದಷ್ಟೂ ಒಳ್ಳೆಯದು ಎಂದು ಹೊರಟವರಿಗೂ ವಾಸಿಯಾಗುವುದು ತಡ.

ಮೊದಲ ಒಂದೆರಡು ವಾರ ಅಲುಗಾಡಿಸದ ವ್ಯಾಯಾಮ. ಮೇಜಿನ ಪಕ್ಕ ಕೂತು ಮುಂಗೈಯನ್ನು ಮೇಜಿನ ಮೇಲಿಡಿ, ಮೊಣಕೈ ಮಡಚಿರಲಿ, ಅಂಗೈ ಕೆಳಮುಖ, ಹಸ್ತ ಮಾತ್ರ ಅಂಚಿನಿಂದ ಹೊರಗೆ. ಇನ್ನೊಂದು ಕೈಯನ್ನು ಗೆಣ್ಣುಗಳ ಹಿಂಭಾಗಕ್ಕೆ ಅಡ್ಡ ಇಡಿ. ನೋಯುವ ಕೈ ಮೇಲಕ್ಕೆ ಒತ್ತಲಿ, ಇನ್ನೊಂದು ತಡೆಯಲಿ, ಮಣಿಕಟ್ಟು ಅಲ್ಲಾಡಬಾರದು. ಬೆರಳು ಸಡಿಲವಾಗಿರಲಿ, ಮುಷ್ಟಿ ಬೇಡ. 30ರಿಂದ 45 ಸೆಕೆಂಡು ಹಿಡಿದು ಒಂದು ನಿಮಿಷ ಬಿಡಿ. ಹೀಗೆ ಐದು ಸಲ, ದಿನಕ್ಕೆ ಎರಡು ಹೊತ್ತು.

ಮುಂದಿನದು ಭಾರ. ಅರ್ಧ ಲೀಟರ್ ನೀರಿನ ಬಾಟಲಿ ಎಂದರೆ ಅರ್ಧ ಕೆ.ಜಿ. ಅದೇ ಭಂಗಿಯಲ್ಲಿ ಬಾಟಲಿ ಹಿಡಿದ ಹಸ್ತವನ್ನು ಇನ್ನೊಂದು ಕೈಯಿಂದ ಮೇಲೆತ್ತಿಸಿ, ಬಿಟ್ಟು, ಒಂದು-ಎರಡು-ಮೂರು-ನಾಲ್ಕು ಎಣಿಸುತ್ತ ನಿಧಾನವಾಗಿ ಕೆಳಗಿಳಿಸಿ. ಕೆಲಸ ಇರುವುದು ಇಳಿಸುವುದರಲ್ಲೇ. ಹತ್ತು ಸಲಕ್ಕೊಂದು ಸುತ್ತು, ಮೂರು ಸುತ್ತು, ನಡುವೆ ಒಂದೆರಡು ನಿಮಿಷ. ಹತ್ತು ಹಗುರವಾದರೆ ಹದಿನೈದಕ್ಕೆ ಏರಿಸಿ. ಮೂರು ಸುತ್ತು ಹದಿನೈದೂ ಸರಾಗವಾದ ಮೇಲೆ ತೂಕ ಹೆಚ್ಚಿಸಿ. ಅದೇ ಬಾಟಲಿಗೆ ಒಣ ಮರಳು ತುಂಬಿದರೆ ಸುಮಾರು 800 ಗ್ರಾಂ ಆಗುತ್ತದೆ. ಆಮೇಲೆ ಬಾಟಲಿ ಬಿಟ್ಟು, ಹಿಡಿಕೆಯ ಚೀಲದಲ್ಲಿ ಅಕ್ಕಿ ತೂಗಿ ಹಾಕಿಕೊಳ್ಳಿ, 1 ಕೆ.ಜಿ., ಒಂದೂವರೆ, ಎರಡು. ಈ ಹಂತಕ್ಕೆ ಬಂದ ಮೇಲೆ ಎತ್ತುವುದೂ ನೋಯುವ ಕೈಯದೇ ಕೆಲಸ, ವಾರಕ್ಕೆ ಮೂರು ದಿನ ಸಾಕು. ಮೊಣಕೈ ಮಡಚಿ ಮಾಡಿದ್ದು ಸಲೀಸಾದ ಮೇಲೆ ಕೈ ನೇರ ಚಾಚಿ ಮಾಡಿ. ಚಾಚಿದಾಗ ಹುರಿ ಹೆಚ್ಚು ಎಳೆಯುತ್ತದೆ, ಆದ್ದರಿಂದ ಒಂದು ಮೆಟ್ಟಿಲು ಕಡಿಮೆ ತೂಕದಿಂದ ಮತ್ತೆ ಶುರು.

ಆರನೆಯ ವಾರದ ಹೊತ್ತಿಗೆ ಸುತ್ತಿಗೆ ಹಿಡಿಯಿರಿ. ಮುಂಗೈ ಮೇಜಿನ ಮೇಲೆ, ಸುತ್ತಿಗೆ ನೆಟ್ಟಗೆ ಆಕಾಶ ನೋಡುತ್ತಿರಲಿ. ನಿಧಾನವಾಗಿ ಒಳಕ್ಕೆ, ಹೊರಕ್ಕೆ ವಾಲಿಸಿ. ಮೊದಮೊದಲು ತಲೆಯ ಹತ್ತಿರ ಹಿಡಿದು, ವಾರ ಕಳೆದಂತೆ ಹಿಡಿಕೆಯ ತುದಿಗೆ ಸರಿದರೆ ಅದೇ ಸುತ್ತಿಗೆ ಹೆಚ್ಚು ಭಾರವಾಗುತ್ತದೆ, ಹೊಸದು ಕೊಳ್ಳಬೇಕಿಲ್ಲ.

ಒಟ್ಟು 12 ವಾರ. ಹೆಚ್ಚಿನವರು ಕೆಡಿಸಿಕೊಳ್ಳುವುದು ಮೂರು ನಾಲ್ಕನೆಯ ವಾರದಲ್ಲಿ: ನೋವು ಇಳಿದ ಖುಷಿಗೆ ವ್ಯಾಯಾಮ ಬಿಟ್ಟು ಭಾನುವಾರ ಎಂಟು ಗಂಟೆ ಮಿಷನ್ ಹಿಡಿಯುತ್ತಾರೆ. ನೋವು ಇಳಿಯುವುದು ಬೇಗ, ಹುರಿ ಗಟ್ಟಿಯಾಗುವುದು ನಿಧಾನ. ಮಿಷನ್ ಬಳಸುವಾಗ ಹೆಗಲಪಟ್ಟಿಯ ಉದ್ದ ಸರಿಮಾಡಿ, ಭಾರವೆಲ್ಲ ಪಟ್ಟಿಯ ಮೇಲಿರಲಿ, ಕೈ ದಾರಿ ತೋರಿಸಿದರೆ ಸಾಕು. ಹಿಡಿಕೆ ತೆಳ್ಳಗಿದ್ದರೆ ಹಳೆ ಸೈಕಲ್ ಟ್ಯೂಬು ಸುತ್ತಿ. ದಪ್ಪವಾದರೆ ಕಡಿಮೆ ಬಿಗಿತದಲ್ಲಿ ಹಿಡಿಯಬಹುದು, ನಡುಕವೂ ಅಷ್ಟಿಷ್ಟು ತಗ್ಗುತ್ತದೆ. ಕಚೇರಿಯಲ್ಲಿ ಮೌಸನ್ನು ಕೀಬೋರ್ಡಿಗೆ ಒತ್ತಿಕೊಂಡಂತೆ ಇಡಿ, ಮುಂಗೈ ಪೂರ್ತಿ ಮೇಜಿನ ಮೇಲಿರಲಿ.

ಆರು ವಾರ ಸರಿಯಾಗಿ ಮಾಡಿಯೂ ಕೂದಲೆಳೆಯಷ್ಟೂ ಬದಲಾಗದಿದ್ದರೆ ರೋಗನಿರ್ಣಯವನ್ನೇ ಅನುಮಾನಿಸಿ. ಕತ್ತು ತಿರುಗಿಸಿದಾಗ ಕೈಗೆ ನೋವು ಹರಿಯುತ್ತದೆಯೇ, ಬೆರಳು ಜೋಮು ಹಿಡಿಯುತ್ತದೆಯೇ? ಹಾಗಿದ್ದರೆ ಮೂಲ ಕತ್ತಿನಲ್ಲಿರಬಹುದು. ಅತಿ ನೋವಿನ ಜಾಗ ಮೂಳೆಯ ಮೇಲಲ್ಲದೆ ಮೂರು ಬೆರಳು ಕೆಳಗೆ, ಮಾಂಸದಾಳದಲ್ಲಿದ್ದರೆ ಅಲ್ಲಿ ನಿಜವಾದ ನರವೊಂದು ಒತ್ತಿಕೊಂಡಿರಬಹುದು.

ಪ್ರಶ್ನೆ: ಮೆಡಿಕಲ್ ಶಾಪಿನಲ್ಲಿ ಕೊಂಡ ಎಲ್ಬೋ ಬೆಲ್ಟ್ ಸರಿಯಾಗಿ ನೋಯುವ ಜಾಗಕ್ಕೇ ಬಿಗಿದರೂ ಉಪಯೋಗವಾಗಿಲ್ಲ.
– ತೀರ್ಥಹಳ್ಳಿ

ಉತ್ತರ: ನೋಯುವ ಜಾಗಕ್ಕೆ ಕಟ್ಟಿದ್ದೇ ತಪ್ಪು. ಮೂಳೆಯಿಂದ ಎರಡು ಬೆರಳು ಕೆಳಗೆ, ಮುಂಗೈಯ ದಪ್ಪ ಮಾಂಸದ ಮೇಲೆ, ಒಳಗಿನ ಮೆತ್ತೆ ಹೊರಬದಿಗೆ ಬರುವಂತೆ ಕಟ್ಟಿ. ಎಳೆತ ಮೂಳೆ ಮುಟ್ಟುವ ಮೊದಲೇ ಅರ್ಧ ಅಲ್ಲಿ ತಡೆಯಲಿ ಎಂಬುದು ಅದರ ಲೆಕ್ಕ. ಕೈ ಸಡಿಲವಿದ್ದಾಗ ಕಟ್ಟಿ, ಪಟ್ಟಿಯಡಿ ಒಂದು ಬೆರಳು ತೂರಬೇಕು. ಕಿರುಬೆರಳು ಜುಮ್ಮೆಂದರೆ, ಹಸ್ತ ಕಪ್ಪಿಟ್ಟರೆ ಬಿಗಿ ಹೆಚ್ಚಾಯಿತು. ಕೆಲಸದ ಹೊತ್ತಿಗೆ ಮಾತ್ರ, ಮಲಗುವಾಗ ಬಿಚ್ಚಿಡಿ.

ಪ್ರಶ್ನೆ: ನಾನು ಅಡಿಕೆ ಕೊನೆ ತೆಗೆಯುವವನು. ವಯಸ್ಸು 50, ಸಕ್ಕರೆ ಕಾಯಿಲೆಯಿದೆ. ಹೋದ ವರ್ಷ ಮೊಣಕೈಗೆ ಇಂಜೆಕ್ಷನ್ ಕೊಡಿಸಿದೆ, ಮಾರನೆ ವಾರವೇ ಸ್ವರ್ಗ. ಎರಡು ತಿಂಗಳಿಗೆ ಮತ್ತೆ ಬಂತು, ಮೊದಲಿಗಿಂತ ಜೋರು. ಈ ಕೊಯ್ಲಿಗೆ ಇನ್ನೊಂದು ಹಾಕಿಸಲೇ?
– ಹೊಸನಗರ ತಾಲ್ಲೂಕು

ಉತ್ತರ: ಹಾಕಿಸದಿರುವುದೇ ಮೇಲು. ನಿಮಗೆ ಕೊಟ್ಟದ್ದು ಬಹುಶಃ ನೋವನ್ನು ಬೇಗ ತಗ್ಗಿಸುವ ಸ್ಟೀರಾಯ್ಡ್ ಔಷಧ. ನಿಮಗಾದದ್ದು ಅಪರೂಪವಲ್ಲ. ಆಸ್ಟ್ರೇಲಿಯಾದ ಬ್ರಿಸ್ಬೇನಿನಲ್ಲಿ 165 ಜನರ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕೆಲವರಿಗೆ ಸ್ಟೀರಾಯ್ಡ್, ಉಳಿದವರಿಗೆ ಔಷಧವಿಲ್ಲದ ಇಂಜೆಕ್ಷನ್ ಕೊಟ್ಟು ಒಂದು ವರ್ಷ ನೋಡಿದರು. ವರ್ಷದೊಳಗೆ ನೋವು ಮರುಕಳಿಸಿದ್ದು ಸ್ಟೀರಾಯ್ಡ್ ಪಡೆದವರಲ್ಲಿ ಶೇ. 54 ಮಂದಿಗೆ, ಬರೀ ನೀರಿನಂಥದ್ದು ಪಡೆದವರಲ್ಲಿ ಶೇ. 12 ಮಂದಿಗೆ. ವರ್ಷ ತುಂಬುವಾಗ ಪೂರ್ತಿ ವಾಸಿಯಾದವರು ಅಥವಾ ಬಹುಪಾಲು ಸುಧಾರಿಸಿದವರು ಕ್ರಮವಾಗಿ ಶೇ. 83 ಮತ್ತು ಶೇ. 96. ಮೊದಲ ವಾರದ ಸ್ವರ್ಗಕ್ಕೆ ಬೆಲೆ ಕಟ್ಟುವುದು ಆಮೇಲೆ. ನೋವಿಲ್ಲವೆಂದು ಪೂರ್ತಿ ಕೆಲಸಕ್ಕೆ ಇಳಿಯುವುದು ಒಂದು ಕಾರಣ, ಸ್ಟೀರಾಯ್ಡೇ ಹುರಿಯ ಎಳೆಯನ್ನು ದುರ್ಬಲ ಮಾಡುವುದು ಇನ್ನೊಂದು. ಸಾಲದ್ದಕ್ಕೆ ಸಕ್ಕರೆ ಕಾಯಿಲೆಯವರಲ್ಲಿ ಇಂಜೆಕ್ಷನ್ ಆದ ಕೆಲವು ದಿನ ರಕ್ತದ ಸಕ್ಕರೆ ಜಿಗಿಯುತ್ತದೆ. ಕೆಲವರಿಗೆ ಚುಚ್ಚಿದ ಜಾಗದ ಚರ್ಮ ಬಿಳಿಚಿ ಗುಳಿ ಬೀಳುತ್ತದೆ.

ಸಕ್ಕರೆ ಹತೋಟಿಯಲ್ಲಿಲ್ಲದಿದ್ದರೆ ಹುರಿ ಕೂಡುವುದು ನಿಧಾನ, ಬೀಡಿ ಸೇದುವವರಿಗೆ ಇನ್ನೂ ನಿಧಾನ. ಜ್ವರಕ್ಕೋ ಮೂತ್ರದ ಸೋಂಕಿಗೋ ಸಿಪ್ರೊಫ್ಲಾಕ್ಸಾಸಿನ್, ಲಿವೊಫ್ಲಾಕ್ಸಾಸಿನ್ ಬರೆದುಕೊಟ್ಟರೆ ಕೈನೋವಿನ ವಿಷಯ ವೈದ್ಯರಿಗೆ ಹೇಳಿ. ಆ ಗುಂಪಿನ ಔಷಧಗಳು ಸ್ನಾಯುರಜ್ಜುಗಳಿಗೆ ಹಾನಿ ಮಾಡಬಲ್ಲವು.

ನಿಮ್ಮದೇ ರಕ್ತದಿಂದ ತೆಗೆದು ಚುಚ್ಚುವ ಪಿಆರ್‌ಪಿ ಬಗ್ಗೆಯೂ ಇಬ್ಬರು ಕೇಳಿದ್ದಾರೆ. ದುಬಾರಿ. ಅದರ ಪ್ರಯೋಗಗಳನ್ನೆಲ್ಲ ಒಟ್ಟು ಹಾಕಿದ 2021ರ ಕಾಕ್ರೇನ್ ಪರಿಶೀಲನೆ, ಹೇಳಿಕೊಳ್ಳುವಂಥ ಪ್ರಯೋಜನ ಬಹುಶಃ ಇಲ್ಲ ಎಂದಿತು. ಆ ದುಡ್ಡಿಗೆ ಕೊನೆ ಕೊಯ್ಯುವ ಹಗುರವಾದ ಫೈಬರ್ ದೋಟಿ (ಉದ್ದ ಕೋಲು) ಕೊಳ್ಳುವುದರ ಕಡೆ ನನ್ನ ಒಲವು. ದೋಟಿಯನ್ನು ಚಾಚಿದ ಕೈಯಲ್ಲಿ ಹಿಡಿದು ನಿಲ್ಲಬೇಡಿ. ಬುಡವನ್ನು ನೆಲಕ್ಕೂರಿ ಎತ್ತಿ, ಎರಡೂ ಕೈ ಎದೆಮಟ್ಟದಲ್ಲಿರಲಿ, ಎಳೆತ ಸೊಂಟದಿಂದ ಬರಲಿ. ಆರು ತಿಂಗಳಿಂದ ವರ್ಷದವರೆಗೆ ವ್ಯಾಯಾಮ ಮಾಡಿಯೂ ಕೆಲಸಕ್ಕೆ ಹೋಗಲಾಗದ ಕೆಲವೇ ಮಂದಿಗೆ ಶಸ್ತ್ರಚಿಕಿತ್ಸೆಯ ಮಾತು.

ಪ್ರಶ್ನೆ: ನಾಟಿ ವೈದ್ಯರ ಹತ್ತಿರ ಎಣ್ಣೆ ತಿಕ್ಕಿಸಬಹುದೇ?
– ಕೊಪ್ಪ

ಉತ್ತರ: ಮುಂಗೈಯ ಮಾಂಸಕ್ಕೆ ಬಿಸಿ ಎಣ್ಣೆ ಹಚ್ಚಿ ಹಗುರವಾಗಿ ನೀವಿಸಿಕೊಳ್ಳಿ, ಬಚ್ಚಲು ಹಂಡೆಯ ಬಿಸಿನೀರು ಹೊಯ್ದುಕೊಳ್ಳಿ, ಹಿತವಾಗುತ್ತದೆ. ನೋಯುವ ಮೂಳೆಯನ್ನೇ ಹೆಬ್ಬೆರಳಿನಿಂದ ಅರೆಯುವುದು, ‘ಉಳುಕು ತೆಗೆಯುತ್ತೇನೆ’ ಎಂದು ಕೈ ಜಗ್ಗುವುದು ಬೇಡ. ಬಿಸಿ ಶಾಖದ ಮೇಲೆ ನೋವಿನ ಮುಲಾಮು ಹಚ್ಚಿ ಪಟ್ಟಿ ಸುತ್ತಿದರೆ ಚರ್ಮ ಸುಟ್ಟು ಬೊಬ್ಬೆಯೇಳುತ್ತದೆ.

ಪ್ರಶ್ನೆ: ಮೂರು ಹಸು ಕೈಯಲ್ಲೇ ಕರೆಯುತ್ತೇನೆ. ಮೊಣಕೈಯ ಒಳಬದಿ ನೋವು. ಬೆಳಗ್ಗೆ ಏಳುವಾಗ ಕಿರುಬೆರಳು, ಉಂಗುರಬೆರಳು ಜೋಮು ಹಿಡಿದಿರುತ್ತವೆ. ಇದೂ ಅದೇ ಕಾಯಿಲೆಯೇ?
– ವಯಸ್ಸು 46, ಶೃಂಗೇರಿ ಹತ್ತಿರ

ಉತ್ತರ: ನೋವು ಅದರ ತಮ್ಮ, ಜೋಮು ಬೇರೆ ಮನೆಯದು. ಬೆರಳು ಮಡಚುವ ಸ್ನಾಯುಗಳ ಬುಡ ಒಳಬದಿಯ ಮೂಳೆಯಲ್ಲಿದೆ. ಹಿಂಡಿ ಹಿಂಡಿ ಅಲ್ಲಿಯ ಹುರಿ ದಣಿದರೆ ಗಾಲ್ಫರ್ಸ್ ಎಲ್ಬೋ ಎನ್ನುತ್ತಾರೆ (ಮತ್ತೆ ಒಂದು ಆಟ!). ವ್ಯಾಯಾಮ ಮೇಲೆ ಹೇಳಿದ್ದೇ, ಆದರೆ ಅಂಗೈ ಮೇಲ್ಮುಖ. ಹೆಬ್ಬೆರಳು ಮಡಚಿ ಗೆಣ್ಣಿನಿಂದ ಒತ್ತಿ ಕರೆಯುವ ಅಭ್ಯಾಸವಿದ್ದರೆ ಬಿಡಿ, ಇಡೀ ಮುಷ್ಟಿಯಿಂದ ಕರೆಯಿರಿ, ಹಸುವಿಗೂ ಅದೇ ಹಿತ. ಒಂದು ಹಸುವಿಗೂ ಇನ್ನೊಂದಕ್ಕೂ ನಡುವೆ ಕೈ ಕೊಡವಿ ಬಿಡುವು ಕೊಡಿ.

ಒಳಬದಿಯ ಮೂಳೆಯ ಹಿಂದಿನ ಸಂದಿನಲ್ಲಿ ಅಲ್ನಾರ್ ಎಂಬ ನರ ಹಾದುಹೋಗುತ್ತದೆ. ಮೊಣಕೈ ಗೋಡೆಗೆ ತಾಗಿದಾಗ ಕಿರುಬೆರಳಿನವರೆಗೆ ಶಾಕ್ ಹೊಡೆಯುವುದು ಇದರಿಂದಲೇ. ಈ ಬದಿಗೆ ಇಂಜೆಕ್ಷನ್ ಕೊಡುವಾಗ ಎಚ್ಚರ ಬೇಕಾದದ್ದೂ ಇದಕ್ಕೇ. ರಾತ್ರಿ ಕೈ ಮಡಚಿ ತಲೆಯಡಿ ಇಟ್ಟು ಮಲಗಿದರೆ ನರ ಎಳೆದು ಒತ್ತಿಕೊಳ್ಳುತ್ತದೆ. ಮಲಗುವಾಗ ಮೊಣಕೈಗೆ ದಪ್ಪ ಟವೆಲು ಸಡಿಲವಾಗಿ ಸುತ್ತಿ, ಪೂರ್ತಿ ಮಡಚಲಾಗದಂತೆ. ಮೇಜಿನಂಚಿಗೆ ಮೊಣಕೈ ಊರಬೇಡಿ. ಮೂರು ನಾಲ್ಕು ವಾರದಲ್ಲಿ ಜೋಮು ಇಳಿಯದಿದ್ದರೆ ನರದ ವೇಗ ಅಳೆಯುವ ಪರೀಕ್ಷೆ ಮಾಡಿಸಬೇಕು. ಹೆಬ್ಬೆರಳು-ತೋರುಬೆರಳ ನಡುವಿನ ಮಾಂಸ ಸೊರಗಿ ಗುಳಿಬಿದ್ದರೆ, ಗುಂಡಿ ಹಾಕಲು ಬೆರಳು ತಡವರಿಸಿದರೆ ಕಾಯದೆ ಮೂಳೆ ಅಥವಾ ನರ ತಜ್ಞರಲ್ಲಿಗೆ ಹೋಗಿ. ಶಿವಮೊಗ್ಗದ ಮೆಗ್ಗಾನ್ ಬೋಧನಾ ಆಸ್ಪತ್ರೆಯಲ್ಲಿ ಮೂಳೆ ವಿಭಾಗವಿದೆ.

ಹಾಗೆ ಹೋದಾಗ ಮೈಮೇಲೆ ಎಲ್ಲಾದರೂ ಬಣ್ಣ ಮಾಸಿದ, ಮುಟ್ಟಿದರೆ ಗೊತ್ತಾಗದ ಮಚ್ಚೆ ಇದ್ದರೆ ಮರೆಯದೆ ತೋರಿಸಿ. ಕುಷ್ಠರೋಗವೂ ಇದೇ ನರವನ್ನು ಇದೇ ಜಾಗದಲ್ಲಿ ದಪ್ಪವಾಗಿಸುತ್ತದೆ, ಕಿರುಬೆರಳ ಜೋಮಿನಿಂದಲೇ ಶುರುವಾಗಬಹುದು. ನಿಮಗೆ ಅದಿದೆ ಎಂದು ಹೇಳುತ್ತಿಲ್ಲ, ಮಚ್ಚೆ ನೋಡಿಕೊಳ್ಳಲು ಒಂದು ನಿಮಿಷ ಸಾಕು. ಅದಕ್ಕೆ ಔಷಧ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ, ಬೇಗ ಶುರು ಮಾಡಿದರೆ ಬೆರಳು ಸೊಟ್ಟಗಾಗುವುದು ತಪ್ಪುತ್ತದೆ.